‘ನನ್ನದಲ್ಲ’ ಎಂಬ ಮಾತು

ಹೋಮಕುಂಡದ ಮುಂದೆ ಕುಳಿತ ಯಜಮಾನನು ಆಹುತಿಯನ್ನು ಸಮರ್ಪಿಸುವಾಗ ಎರಡು ಮಾತುಗಳನ್ನು ಹೇಳುತ್ತಾನೆ. ಈ ದ್ರವ್ಯವು ಇಂಥ ದೇವತೆಗೆ ಸೇರಿದ್ದು ಎಂಬುದು ಮೊದಲನೆಯದು. ಇದು ನನ್ನದಲ್ಲ ಎಂಬುದು ಎರಡನೆಯದು. ಪುರೋಹಿತರು ಹೇಳಿಸುವ ಈ ಮಾತುಗಳು ಆಸ್ತಿಕ ಬಂಧುಗಳೆಲ್ಲರಿಗೂ ಪರಿಚಿತವಾದವು. ಪರಿಚಿತವಾದುದರಿಂದಲೇ ಅವುಗಳ ಕ್ರಮವು ನಮ್ಮ ಗಮನಕ್ಕೆ ಬಾರದೆ ಹೋಗುತ್ತದೆ. ‘ನನ್ನದಲ್ಲ’ ಎನ್ನುವ ಮೊದಲು ‘ಇದು ಯಾರದು’ ಎಂಬುದನ್ನು ಹೇಳಿಯಾಗಿರಬೇಕು. ದಾನದಲ್ಲಿಯೂ ಹೀಗೆಯೇ. ಸ್ವೀಕರಿಸುವ ಪಾತ್ರನು ಎದುರಿಗಿದ್ದು, ಅವನ ಕೈಯಲ್ಲಿ ನೀರು ಬಿದ್ದ ಮೇಲೆ ಕೊಡುವವನ ಸ್ವಾಮ್ಯವು ಮುಗಿಯುತ್ತದೆ. ಅದಕ್ಕೆ ಮುಂಚೆ ಮುಗಿಯುವುದಿಲ್ಲ. ಹಾಗಾದುದರಿಂದ ತ್ಯಾಗವೆಂಬುದು ಕೇವಲ ಕೈಬಿಡುವಿಕೆಯಲ್ಲ. ಅದು ತಲುಪಬೇಕಾದಲ್ಲಿಗೆ ತಲುಪಿಸುವಿಕೆ.

ಆದರೆ ‘ನನ್ನದಲ್ಲ’ ಎಂಬ ಇದೇ ಮಾತನ್ನು ಇನ್ನೊಬ್ಬನೂ ಹೇಳುತ್ತಾನೆ. ಅವನು ಬೇಡವಾದುದನ್ನು ಬೀದಿಗೆ ಎಸೆಯುವವನು. ಅವನು ಎರಡನೆಯ ಮಾತನ್ನು ಮಾತ್ರ ಹೇಳಿ ಮೊದಲನೆಯದನ್ನು ನುಂಗಿಬಿಡುತ್ತಾನೆ. ಇದು ಇನ್ನು ಯಾರದು, ಎಲ್ಲಿಗೆ ಹೋಗುತ್ತದೆ, ಹೋದಲ್ಲಿ ಏನು ಮಾಡುತ್ತದೆ ಎಂಬುದು ಅವನಿಗೆ ಬೇಕಿಲ್ಲ. ತನ್ನ ಕೈಯಲ್ಲಿ ಇಲ್ಲದಿದ್ದರೆ ಸಾಕು. ಈ ಎರಡು ‘ನನ್ನದಲ್ಲ’ಗಳಿಗೂ ಶಬ್ದ ಒಂದೇ, ಅರ್ಥ ಮಾತ್ರ ಉತ್ತರ ದಕ್ಷಿಣ. ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವ ಪ್ರಶ್ನೆ ಇಷ್ಟೆ: ವಸ್ತುವೊಂದನ್ನು ಕೈಬಿಟ್ಟ ಮಾತ್ರಕ್ಕೆ ಅದರ ಹೊಣೆಯೂ ನಮ್ಮನ್ನು ಬಿಟ್ಟುಹೋಗುತ್ತದೆಯೇ? ಇದಕ್ಕೆ ದೃಷ್ಟಾಂತವಾಗಿ, ಈ ದಿನಗಳಲ್ಲಿ ಲೋಕದ ಕಡಲತೀರಗಳ ಮರಳಿನಲ್ಲಿ ಕಂಡುಬರುತ್ತಿರುವ ಒಂದು ಸಣ್ಣ ಕಾಳನ್ನು ತೆಗೆದುಕೊಳ್ಳೋಣ.

ಈ ಕಾಳು ಗಾತ್ರದಲ್ಲಿ ಸಬ್ಬಕ್ಕಿಯಷ್ಟಿರುತ್ತದೆ. ನೋಡುವುದಕ್ಕೂ ಹೆಚ್ಚಾಗಿ ಹಾಗೆಯೇ ಬೆಳ್ಳಗೆ ದುಂಡಗೆ ಇರುತ್ತದೆ. ಇದು ಪ್ಲಾಸ್ಟಿಕ್ ಕಾರ್ಖಾನೆಗಳ ಕಚ್ಚಾ ಸಾಮಗ್ರಿ. ನಮ್ಮ ಮನೆಯ ಕೊಡ, ಬಕೆಟ್ಟು, ಚೀಲ, ಡಬ್ಬಿ ಮೊದಲಾದುವೆಲ್ಲ ಇಂಥ ಕಾಳುಗಳನ್ನು ಕರಗಿಸಿ ಎರಕಹೊಯ್ದು ಮಾಡಿದವುಗಳು. ಚೀಲಗಳಲ್ಲಿ ತುಂಬಿ ಹಡಗುಗಳಲ್ಲಿ ಸಾಗಿಸುವಾಗ, ಬಂದರುಗಳಲ್ಲಿ ಇಳಿಸುವಾಗ, ಕಾರ್ಖಾನೆಯ ಅಂಗಳದಲ್ಲಿ ಗುಡಿಸುವಾಗ ಚೆಲ್ಲಿದ ಕಾಳುಗಳು ಚರಂಡಿ, ಹೊಳೆಗಳ ಮೂಲಕ ಕಡಲನ್ನು ಸೇರುತ್ತವೆ. ಇದಲ್ಲದೆ ನಾವು ಬಳಸಿ ಬಿಸುಟ ಚೀಲ, ಸೀಸೆ, ಹಗ್ಗ, ಬಲೆಗಳೂ ಬಿಸಿಲಿಗೆ ಒಣಗಿ, ತೆರೆಯ ಹೊಡೆತಕ್ಕೆ ಸಿಕ್ಕಿ ಪುಡಿಪುಡಿಯಾಗುತ್ತವೆ. ಐದು ಮಿಲಿಮೀಟರಿಗಿಂತ ಸಣ್ಣದಾದ ಇಂಥ ಚೂರುಗಳಿಗೆಲ್ಲ ಒಟ್ಟಾಗಿ ಮೈಕ್ರೋಪ್ಲಾಸ್ಟಿಕ್ ಎಂದು ಹೆಸರು. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ ಅವರು ತಮ್ಮ ಸಹೋದ್ಯೋಗಿಗಳೊಂದಿಗೆ 2004ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ರೂಢಿಗೆ ಬಂದಿತು. ಹೆಸರು ಹೊಸತಾದರೂ ವಸ್ತು ಹೊಸತಲ್ಲ. ಅಮೆರಿಕದ ಎಡ್ವರ್ಡ್ ಕಾರ್ಪೆಂಟರ್ ಎಂಬ ವಿಜ್ಞಾನಿ 1972ರಲ್ಲಿಯೇ ಅಟ್ಲಾಂಟಿಕ್ ಸಾಗರದ ಮೇಲೆ ತೇಲುತ್ತಿದ್ದ ಪ್ಲಾಸ್ಟಿಕ್ ಕಾಳುಗಳ ಸಂಗತಿಯನ್ನು ವರದಿ ಮಾಡಿದ್ದರು.

ಕಾಳು ಕೇವಲ ಕಾಳಾಗಿ ಉಳಿದಿದ್ದರೆ ಇಷ್ಟು ವಿಚಾರ ಬೇಕಾಗುತ್ತಿರಲಿಲ್ಲ. ಅದು ವಾಹಕವಾಗುತ್ತದೆ. ಇದನ್ನು ತಿಳಿಯಲು ನಮ್ಮ ಅಡಿಗೆಮನೆಯ ಅನುಭವವೇ ಸಾಕು. ಉಪ್ಪಿನಕಾಯಿ ಹಾಕಿಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಎಷ್ಟು ತೊಳೆದರೂ ಎಣ್ಣೆಯ ಜಿಡ್ಡು, ಇಂಗಿನ ವಾಸನೆ, ಅರಿಸಿನದ ಬಣ್ಣ ಪೂರ್ತಿಯಾಗಿ ಹೋಗುವುದಿಲ್ಲ. ಪ್ಲಾಸ್ಟಿಕ್ ಹುಟ್ಟಿದ್ದೇ ಹೆಚ್ಚಾಗಿ ಕಲ್ಲೆಣ್ಣೆಯಿಂದ. ಆದುದರಿಂದ ಅದಕ್ಕೆ ಎಣ್ಣೆಯ ಜಾತಿಯ ವಸ್ತುಗಳೊಂದಿಗೆ ನಂಟು ಹೆಚ್ಚು. ಇತ್ತ ಕಡಲಿನ ನೀರಿನಲ್ಲಿ ಸೇರಿಕೊಂಡಿರುವ ಕೆಲವು ವಿಷದ್ರವ್ಯಗಳು ನೀರಿನಲ್ಲಿ ಸುಲಭವಾಗಿ ಕರಗಲಾರವು. ಜಿಡ್ಡನ್ನು ಕಂಡರೆ ಅಂಟಿಕೊಳ್ಳುತ್ತವೆ. ಟ್ರಾನ್ಸ್‌ಫಾರ್ಮರುಗಳಲ್ಲಿ ಬಳಸುತ್ತಿದ್ದ ಪಿ.ಸಿ.ಬಿ. ಎಂಬ ಎಣ್ಣೆ, ಹೊಲಗಳಿಗೂ ಮನೆಗಳಿಗೂ ಸಿಂಪಡಿಸುತ್ತಿದ್ದ ಡಿ.ಡಿ.ಟಿ. ಇತ್ಯಾದಿಗಳು ಈ ವರ್ಗಕ್ಕೆ ಸೇರಿದವು. ನೀರಿನಲ್ಲಿ ಅತ್ಯಲ್ಪವಾಗಿ ಹರಡಿಹೋಗಿದ್ದ ಇವು ತೇಲುವ ಕಾಳನ್ನು ಕಂಡೊಡನೆ ಅದರ ಮೈಯನ್ನು ಆಶ್ರಯಿಸುತ್ತವೆ.

ಟೋಕಿಯೋದ ಕೃಷಿ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಹಿದೆಶಿಗೆ ತಕದಾ ಮತ್ತು ಅವರ ಸಂಗಡಿಗರು 2001ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಕಾರ್ಖಾನೆಯಿಂದ ಆಗತಾನೆ ಬಂದ ಶುದ್ಧ ಕಾಳುಗಳನ್ನು ಸಮುದ್ರದ ನೀರಿನಲ್ಲಿ ಆರು ದಿನಗಳ ಕಾಲ ಇಟ್ಟು ನೋಡಿದಾಗ ಅವುಗಳಲ್ಲಿ ವಿಷದ ಅಂಶವು ದಿನದಿಂದ ದಿನಕ್ಕೆ ಏರುತ್ತ ಹೋಯಿತು. ಕಡಲತೀರದಲ್ಲಿ ಆರಿಸಿದ ಹಳೆಯ ಕಾಳುಗಳಲ್ಲಂತೂ ಸುತ್ತಲಿನ ನೀರಿಗಿಂತ ಒಂದು ಲಕ್ಷದಿಂದ ಹತ್ತು ಲಕ್ಷ ಪಟ್ಟು ಹೆಚ್ಚು ಸಾಂದ್ರವಾಗಿ ಈ ದ್ರವ್ಯಗಳು ಕೂಡಿಕೊಳ್ಳಬಲ್ಲವು ಎಂದು ಅವರು ಕಂಡುಕೊಂಡರು. ಹೊಳೆಯಲ್ಲಿ ಹರಿದುಹೋದ ಒಂದು ಹನಿ ವಿಷವನ್ನು ಮತ್ತೆ ಹುಡುಕಿ ತಂದು ಅಂಗೈಯಲ್ಲಿ ಇಟ್ಟಂತೆ ಆಯಿತು.

ಬಳಿಕ 2005ರಲ್ಲಿ ತಕದಾ ಅವರು ಒಂದು ಸರಳವಾದ ಉಪಾಯವನ್ನು ಮಾಡಿದರು. ಲೋಕದ ಯಾವುದೇ ಮೂಲೆಯಲ್ಲಿರುವವರು ತಮ್ಮ ಊರಿನ ಕಡಲತೀರಕ್ಕೆ ಹೋಗಿ ಇಂಥ ಕಾಳುಗಳನ್ನು ಆರಿಸಿ, ಟಪಾಲಿನಲ್ಲಿ ಕಳುಹಿಸಿಕೊಟ್ಟರೆ ಅವುಗಳನ್ನು ಪರೀಕ್ಷಿಸಿ ತಿಳಿಸುವುದಾಗಿ ಕೇಳಿಕೊಂಡರು. ಸಾಮಾನ್ಯ ಜನರು ಕಳುಹಿಸಿದರು. 2009ರಲ್ಲಿ ಪ್ರಕಟವಾದ ವರದಿಯು ಹದಿನೇಳು ದೇಶಗಳ ಮೂವತ್ತು ತೀರಗಳ ಕಾಳುಗಳನ್ನು ಕುರಿತದ್ದಾಗಿತ್ತು. ಅಮೆರಿಕದ ತೀರದ ಕಾಳುಗಳಲ್ಲಿ ಪಿ.ಸಿ.ಬಿ. ಎಲ್ಲಕ್ಕಿಂತ ಹೆಚ್ಚಾಗಿತ್ತು, ಅದರ ನಂತರದ ಸ್ಥಾನ ಪಶ್ಚಿಮ ಯುರೋಪಿಗೂ ಜಪಾನಿಗೂ. ಅಮೆರಿಕದ ಪಶ್ಚಿಮ ತೀರದಲ್ಲಿಯೂ ವಿಯೆಟ್ನಾಮಿನಲ್ಲಿಯೂ ಡಿ.ಡಿ.ಟಿ. ಹೆಚ್ಚಾಗಿತ್ತು.

ಇಲ್ಲಿ ವಾಚಕರು ಸ್ವಲ್ಪ ನಿಂತು ಯೋಚಿಸಬೇಕು. ಅಮೆರಿಕದಲ್ಲಿ ಡಿ.ಡಿ.ಟಿ. ಬಳಕೆ ನಿಷಿದ್ಧವಾದದ್ದು 1972ರಲ್ಲಿ. ಪಿ.ಸಿ.ಬಿ. ತಯಾರಿಕೆ ಅಲ್ಲಿ ನಿಷಿದ್ಧವಾದದ್ದು 1979ರಲ್ಲಿ. ಜಪಾನಿನಲ್ಲಿ 1968ರಲ್ಲಿ ಅಕ್ಕಿತೌಡಿನ ಎಣ್ಣೆಗೆ ಪಿ.ಸಿ.ಬಿ. ಸೋರಿ ಬೆರೆತು, ಅದನ್ನು ಅಡಿಗೆಗೆ ಬಳಸಿದ ಸಾವಿರಾರು ಜನ ರೋಗಪೀಡಿತರಾದರು. ಆ ಅನರ್ಥದ ತರುವಾಯ 1972ರಲ್ಲಿ ಅಲ್ಲಿಯೂ ತಯಾರಿಕೆ ನಿಂತಿತು. ನಿಂತು ಮೂವತ್ತು ನಲವತ್ತು ವರ್ಷಗಳಾದ ಮೇಲೆ, ಆ ವಿಷವನ್ನು ಕಣ್ಣಿನಿಂದ ಕೂಡ ಕಾಣದ ಪೀಳಿಗೆಯ ಮಕ್ಕಳು ಮರಳಿನಲ್ಲಿ ಆಡುವಾಗ ಸಿಕ್ಕುವ ಕಾಳಿನಲ್ಲಿ ಅದು ಮತ್ತೆ ಬಂದು ಕುಳಿತಿದೆ. ಅಜ್ಜನು ‘ಇನ್ನು ನನ್ನದಲ್ಲ’ ಎಂದು ಬಿಟ್ಟದ್ದು ಮೊಮ್ಮಗನ ಅಂಗಳಕ್ಕೆ ಬಂದಿದೆ.

ಕರಾವಳಿಯವರಾದ ನಮಗೆ ಇದರ ಅರ್ಥವನ್ನು ಬೇರೆಯವರು ಹೇಳಬೇಕಾಗಿಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರುತೋಟಗಳ ಮೇಲೆ ಹೆಲಿಕಾಪ್ಟರುಗಳಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಾಲವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಸಿಂಪಡಣೆ ನಿಂತಿತು, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಔಷಧವನ್ನು ದೇಶದಲ್ಲೆಲ್ಲ ತಡೆಯಿತು. ಆದರೆ ಆ ಊರುಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ಎತ್ತಿ ಉಣಿಸುವ ತಾಯಂದಿರ ಪಾಲಿಗೆ ಏನು ನಿಂತಿತು? ಕ್ರಿಯೆಯು ನಿಲ್ಲುವುದು ಬೇರೆ, ಕ್ರಿಯೆಯ ಫಲವು ತೀರುವುದು ಬೇರೆ. ಕರ್ಮಸಿದ್ಧಾಂತವನ್ನು ಒಪ್ಪಿದ ನಮಗೆ ಇದು ಹೊಸ ಮಾತಲ್ಲ. ಮಾಡಿದ್ದನ್ನು ಮರೆತ ಮಾತ್ರಕ್ಕೆ ಅದು ನಮ್ಮನ್ನು ಮರೆಯುವುದಿಲ್ಲವೆಂದು ಪ್ರವಚನಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಕೇಳಿದ್ದನ್ನು ನಮ್ಮ ಕೈಚೀಲಕ್ಕೂ ಹೊಂದಿಸಿ ನೋಡುವುದು ಮಾತ್ರ ಉಳಿದಿದೆ.

ಇನ್ನು ‘ನನ್ನದಲ್ಲ’ ಎಂಬ ಮಾತು ಹೇಗೆ ಕೈಯಿಂದ ಕೈಗೆ ಸಾಗುತ್ತದೆ ಎಂಬುದಕ್ಕೆ ಈಚಿನ ಒಂದು ಘಟನೆಯನ್ನು ಹೇಳಬೇಕು. 2021ರ ಮೇ ತಿಂಗಳಲ್ಲಿ ಎಕ್ಸ್‌ಪ್ರೆಸ್ ಪರ್ಲ್ ಎಂಬ ಸರಕು ಹಡಗು ನಮ್ಮ ಅರಬ್ಬೀ ಸಮುದ್ರವನ್ನು ದಾಟಿ ಕೊಲಂಬೋ ಕಡೆಗೆ ಹೋಗುತ್ತಿತ್ತು. ಅದರಲ್ಲಿದ್ದ ಒಂದು ಕಂಟೇನರಿನಿಂದ ನೈಟ್ರಿಕ್ ಆಮ್ಲ ಸೋರುತ್ತಿರುವುದು ಹಡಗಿನವರಿಗೆ ತಿಳಿಯಿತು. ಅದನ್ನು ಇಳಿಸಿಕೊಳ್ಳಿರೆಂದು ಕತಾರಿನ ಹಮದ್ ಬಂದರಿನಲ್ಲಿಯೂ ಗುಜರಾತಿನ ಹಜೀರಾ ಬಂದರಿನಲ್ಲಿಯೂ ಕೇಳಿಕೊಂಡರೆ ಎರಡು ಕಡೆಯೂ ಆಗಲಿಲ್ಲ. ಸೋರುವ ಕಂಟೇನರನ್ನು ಹೊತ್ತುಕೊಂಡೇ ಹಡಗು ಮುಂದಕ್ಕೆ ಹೋಯಿತು. ಮೇ 20ರಂದು ಕೊಲಂಬೋದ ಹೊರಗೆ ಲಂಗರು ಹಾಕಿದ್ದಾಗ ಬೆಂಕಿ ಹೊತ್ತಿತು. ಹಲವು ದಿನ ಉರಿದು, ಜೂನ್ ತಿಂಗಳಲ್ಲಿ ಹಡಗು ಮುಳುಗಿತು. ಅದರಲ್ಲಿದ್ದ ಸುಮಾರು 1,680 ಟನ್ ಪ್ಲಾಸ್ಟಿಕ್ ಕಾಳುಗಳು ಕಡಲಿಗೆ ಚೆಲ್ಲಿ ಶ್ರೀಲಂಕೆಯ ಪಶ್ಚಿಮ ತೀರವನ್ನು ಮುಚ್ಚಿದವು. ಪ್ಲಾಸ್ಟಿಕ್ ಕಾಳು ಚೆಲ್ಲಿದ ಘಟನೆಗಳಲ್ಲಿ ಲೋಕದಲ್ಲಿಯೇ ಅತಿ ದೊಡ್ಡದು ಇದೆಂದು ದಾಖಲಾಗಿದೆ. ಮರಳಿನ ಮೇಲೆ ಆಲಿಕಲ್ಲಿನ ರಾಶಿಯಂತೆ ಕಾಳುಗಳು ಬಿದ್ದಿದ್ದ ಚಿತ್ರಗಳನ್ನು ವಾಚಕರು ಪತ್ರಿಕೆಗಳಲ್ಲಿ ನೋಡಿರಬಹುದು. ಆಶಾ ಡಿ ವೋಸ್ ಎಂಬ ಆ ದೇಶದ ಸಾಗರವಿಜ್ಞಾನಿ ಮತ್ತು ಅವರ ಸಂಗಡಿಗರು ಬೆಂದ ಚೂರುಗಳನ್ನೂ ಬೇಯದ ಕಾಳುಗಳನ್ನೂ ಪರೀಕ್ಷಿಸಿದಾಗ, ಬೆಂದವುಗಳಲ್ಲಿ ಬೆಂಕಿಯಿಂದ ಹುಟ್ಟಿದ ಹೊಸ ರಾಸಾಯನಿಕಗಳೂ ಸೇರಿಕೊಂಡಿದ್ದುದು ತಿಳಿದುಬಂದಿತು. ಬೆಸ್ತರು ಕಡಲಿಗೆ ಇಳಿಯದಂತೆ ತಡೆಯಾಯಿತು. ಕಾಳನ್ನು ಚೆಲ್ಲದವರ ಒಲೆ ಆರಿತು. 2025ರ ಜುಲೈಯಲ್ಲಿ ಶ್ರೀಲಂಕೆಯ ಸರ್ವೋಚ್ಚ ನ್ಯಾಯಾಲಯವು ಹಡಗಿನ ಕಡೆಯವರು ನೂರು ಕೋಟಿ ಡಾಲರು ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು.

ಎರಡು ಬಂದರಿನವರಿಗೂ ಅವರವರ ಕಾರಣಗಳಿದ್ದಿರಬಹುದು. ಅಪಾಯದ ವಸ್ತುವನ್ನು ಇಳಿಸಿಕೊಳ್ಳಲು ತಕ್ಕ ಸಲಕರಣೆ ಬೇಕೆಂಬುದು ನಿಜ. ಅವರನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಆದರೆ ಪ್ರತಿಯೊಬ್ಬರೂ ನ್ಯಾಯವಾಗಿಯೇ ‘ಇದು ನಮ್ಮದಲ್ಲ’ ಎನ್ನುತ್ತ ಹೋದರೆ ಕಡೆಗೆ ಅದು ಯಾರ ಪಾಲಿಗೆ ಬರುತ್ತದೆ? ಹಾಗೆ ಹೇಳಲು ಬಾಯಿಲ್ಲದವರ ಪಾಲಿಗೆ. ಅಲ್ಲಿ ಅದು ಆಮೆಗಳ, ಮೀನುಗಳ, ಬಡ ಬೆಸ್ತರ ಪಾಲಿಗೆ ಬಂದಿತು. ನಾಲ್ಕು ವರ್ಷಗಳ ತರುವಾಯ, 2025ರ ಮೇ 25ರಂದು, ಎಂ.ಎಸ್.ಸಿ. ಎಲ್ಸಾ-3 ಎಂಬ ಹಡಗು ಕೊಚ್ಚಿಯ ಹೊರಗಡಲಿನಲ್ಲಿ ಆರು ನೂರಕ್ಕೂ ಹೆಚ್ಚು ಕಂಟೇನರುಗಳೊಂದಿಗೆ ಮುಳುಗಿ, ಇಂಥವೇ ಕಾಳುಗಳು ಕೊಲ್ಲಂ, ತಿರುವನಂತಪುರದ ತೀರಗಳಿಗೆ ಬಂದವು. ಮಳೆಯಲ್ಲಿ ನೆನೆಯುತ್ತ ಮರಳನ್ನು ಜರಡಿ ಹಿಡಿದು ಕಾಳು ಆರಿಸಿದವರು ಆ ಊರುಗಳ ಸ್ವಯಂಸೇವಕರು. ಹಡಗು ಮುಳುಗದಿದ್ದರೂ ಕಾಳು ಬರುವುದು ತಪ್ಪುವುದಿಲ್ಲ. ಗೋವೆಯ ತೀರದಲ್ಲಿ ಸಿಕ್ಕಿದ ಕಾಳುಗಳನ್ನು ಕುರಿತು ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನವು ಮುಂಗಾರಿನ ಗಾಳಿ ಮತ್ತು ಪ್ರವಾಹಗಳು ಅವುಗಳನ್ನು ದಡಕ್ಕೆ ತರುವುದನ್ನು ಗುರುತಿಸಿದೆ. ಗೋವೆಗೂ ನಮಗೂ ಕಡಲು ಒಂದೇ, ಮುಂಗಾರು ಒಂದೇ.

ಇಷ್ಟು ವಿಷಯವನ್ನು ಮುಂದಿಟ್ಟುಕೊಂಡು ಇನ್ನು ಆಕ್ಷೇಪಗಳನ್ನು ನೋಡೋಣ.

ಕಡಲು ಅಪಾರವಾದುದು, ಸರ್ವತೀರ್ಥಮಯವಾದುದು, ಅದು ಎಲ್ಲವನ್ನೂ ಶುದ್ಧಿಗೊಳಿಸಬಲ್ಲದು ಎಂಬುದು ಮೊದಲನೆಯ ಪೂರ್ವಪಕ್ಷ. ಸಮುದ್ರದ ಪಾವಿತ್ರ್ಯವನ್ನು ನಾವು ಅಲ್ಲಗಳೆಯುವವರಲ್ಲ; ಅದನ್ನು ನಂಬಿಯೇ ಪರ್ವಕಾಲಗಳಲ್ಲಿ ಸ್ನಾನಕ್ಕೆ ಹೋಗುತ್ತೇವೆ. ಆದರೆ ಪವಿತ್ರವಾದುದರ ಪಾವಿತ್ರ್ಯವು ಅದನ್ನು ಕೊಳಕು ಮಾಡಲು ಕೊಟ್ಟ ಅನುಮತಿಯಲ್ಲ. ದೇವರ ಮನೆಯು ಶುದ್ಧವೆಂದು ಎಂಜಲೆಲೆಯನ್ನು ಅಲ್ಲಿಗೆ ಒಯ್ಯುವವರುಂಟೇ? ಅದಲ್ಲದೆ, ಕಡಲು ಲಯಗೊಳಿಸುವುದು ಲಯಕ್ಕೆ ಯೋಗ್ಯವಾದುದನ್ನು. ಉಡುಪಿಯಲ್ಲಿ ವಿಟ್ಲಪಿಂಡಿಯಂದು ಮೆರವಣಿಗೆಯ ಬಳಿಕ ಕೃಷ್ಣನ ಮೃಣ್ಮಯ ಮೂರ್ತಿಯನ್ನು ಮಧ್ವಸರೋವರದಲ್ಲಿ ವಿಸರ್ಜಿಸುತ್ತಾರೆ. ಮಣ್ಣು ನೀರಿನಲ್ಲಿ ಕರಗಿ ಮಣ್ಣನ್ನೇ ಸೇರುತ್ತದೆ. ಅಲ್ಲಿ ವಿಸರ್ಜನೆಯೆಂಬ ಶಬ್ದವು ಸಾರ್ಥಕ, ಏಕೆಂದರೆ ಬಿಟ್ಟ ವಸ್ತುವಿಗೆ ಹೋಗಿ ಸೇರುವ ಸ್ಥಾನವೊಂದಿದೆ. ಪ್ಲಾಸ್ಟಿಕ್ ಕಾಳಿಗೆ ಅಂಥ ಸ್ಥಾನವಿಲ್ಲ. ಅದು ಸಣ್ಣದಾಗುತ್ತದೆ, ಕರಗುವುದಿಲ್ಲ. ಅದರ ಮಟ್ಟಿಗೆ ಕಡಲು ಲಯಸ್ಥಾನವಲ್ಲ, ಬರೀ ದಾರಿ.

ಪಾತ್ರಶುದ್ಧಿಯ ವಿಚಾರದಲ್ಲಿ ನಮ್ಮ ಹಿರಿಯರು ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದರೆಂಬುದನ್ನೂ ಇಲ್ಲಿ ನೆನೆಯಬಹುದು. ಕಂಚಿನ ಪಾತ್ರೆ ಬೂದಿಯಿಂದ, ತಾಮ್ರದ್ದು ಹುಳಿಯಿಂದ ಶುದ್ಧವಾಗುತ್ತದೆ. ಮಣ್ಣಿನದಾದರೆ ಮತ್ತೆ ಬೆಂಕಿಯಲ್ಲಿ ಸುಡಬೇಕು. ಏಕೆ ಈ ಭೇದ? ಲೋಹದಲ್ಲಿ ದೋಷವು ಮೇಲೆ ನಿಲ್ಲುತ್ತದೆ, ಮಣ್ಣಿನಲ್ಲಿ ಒಳಗೆ ಇಳಿಯುತ್ತದೆ. ಯಾವ ವಸ್ತು ಏನನ್ನು ಎಷ್ಟು ಹಿಡಿದುಕೊಳ್ಳುತ್ತದೆ ಎಂಬ ಪರೀಕ್ಷೆಯಿಂದಲೇ ಶೌಚದ ನಿಯಮಗಳು ಹುಟ್ಟಿದವು. ಇಂದು ಪ್ಲಾಸ್ಟಿಕ್ಕಿನ ವಿಷಯದಲ್ಲಿ ವಿಜ್ಞಾನಿಗಳು ಕೇಳುತ್ತಿರುವುದೂ ಆ ಪ್ರಶ್ನೆಯನ್ನೇ. ಮಡಿಯಲ್ಲಿ ಶ್ರದ್ಧೆಯುಳ್ಳವರು ಇದನ್ನು ಪರಕೀಯವೆಂದು ತಳ್ಳಲು ಕಾರಣವಿಲ್ಲ.

ಎರಡನೆಯ ಪೂರ್ವಪಕ್ಷ ಹೀಗಿದೆ. ಕಾಳನ್ನು ಮಾಡಿದವನು ವಿಷವನ್ನು ಬೆರೆಸಲಿಲ್ಲ. ವಿಷವನ್ನು ಮಾಡಿದವನು ಕಾಳನ್ನು ಎಸೆಯಲಿಲ್ಲ. ಎರಡನ್ನೂ ಸೇರಿಸಿದ್ದು ಕಡಲು. ಹೀಗಿರಲಾಗಿ ಯಾರಿಗೂ ಕರ್ತೃತ್ವವಿಲ್ಲ. ಇದಕ್ಕೆ ಸಮಾಧಾನವೇನೆಂದರೆ, ದಾರಿಯಲ್ಲಿ ಬಾವಿ ತೋಡಿ ಕಟ್ಟೆ ಕಟ್ಟದೆ ಹೋದವನು, ರಾತ್ರಿ ಅದರಲ್ಲಿ ಬಿದ್ದವನನ್ನು ನಾನು ತಳ್ಳಲಿಲ್ಲವೆಂದು ಹೇಳಿದರೆ ಊರು ಒಪ್ಪುತ್ತದೆಯೇ? ಕತ್ತಲೆಯನ್ನು ಅವನು ಮಾಡಲಿಲ್ಲ, ನಿಜ. ಆದರೆ ಕತ್ತಲೆಯಾಗುತ್ತದೆಂಬುದು ಅವನಿಗೆ ತಿಳಿದಿತ್ತು. ಕಾಳು ವಿಷವನ್ನು ಹೊರುತ್ತದೆಂಬುದು ತಿಳಿಯದಿದ್ದ ಕಾಲದಲ್ಲಿ ಎಸೆದವನಿಗೂ, ತಿಳಿದ ಮೇಲೆ ಎಸೆಯುವವನಿಗೂ ದೋಷವು ಸಮಾನವಲ್ಲ. 2001ರ ಬಳಿಕ ಲೋಕಕ್ಕೆ ಇದು ತಿಳಿದಿದೆ. ಇನ್ನು ಎಲ್ಲವೂ ಭಗವದಿಚ್ಛೆ, ನಮ್ಮದೇನಿದೆ ಎಂದು ಹೇಳುವವರೂ ಉಂಟು. ಜೀವನ ಕರ್ತೃತ್ವವು ಭಗವಂತನಿಗೆ ಅಧೀನವಾದುದು ಎಂದು ಆಚಾರ್ಯರು ಹೇಳಿದ್ದಾರೆಯೇ ಹೊರತು ಜೀವನಿಗೆ ಕರ್ತೃತ್ವವೇ ಇಲ್ಲವೆಂದು ಹೇಳಲಿಲ್ಲ. ಅದು ಇಲ್ಲದಿದ್ದರೆ ಮಾಡು, ಮಾಡಬೇಡ ಎಂಬ ಶಾಸ್ತ್ರದ ಅಪ್ಪಣೆಗಳೆಲ್ಲ ಯಾರಿಗೆ? ಜಗತ್ತು ಸತ್ಯವೆಂದು ಒಪ್ಪುವವರಿಗೆ ಜಗತ್ತಿನ ಕೊಳೆಯೂ ಸತ್ಯವೇ ಆಗಬೇಕು.

ಮೂರನೆಯ ಪೂರ್ವಪಕ್ಷವು ವಿಜ್ಞಾನದ ಕಡೆಯಿಂದಲೇ ಬಂದದ್ದು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ನೆದರ್ಲೆಂಡಿನ ಕೂಲ್ಮನ್ಸ್ ಮತ್ತು ಅವರ ಸಹೋದ್ಯೋಗಿಗಳು 2016ರಲ್ಲಿ ಲಭ್ಯವಿದ್ದ ಸಂಶೋಧನೆಗಳನ್ನೆಲ್ಲ ತೂಗಿ ನೋಡಿ, ಕಡಲಿನ ಜೀವಿಗಳಿಗೆ ಈ ಹಳೆಯ ವಿಷಗಳು ಸೇರುವುದು ಮುಖ್ಯವಾಗಿ ನೀರು ಮತ್ತು ಸಹಜ ಆಹಾರದ ಮೂಲಕ; ಪ್ಲಾಸ್ಟಿಕ್ ಕಣಗಳು ಹೊತ್ತು ತರುವ ಪಾಲು ಅದಕ್ಕೆ ಹೋಲಿಸಿದರೆ ಅಲ್ಪ ಎಂದು ಅಭಿಪ್ರಾಯಪಟ್ಟರು. ಇದನ್ನು ಕೇಳಿ ಕೆಲವರು, ಹಾಗಾದರೆ ಗಲಾಟೆಯೇಕೆ ಎಂದಾರು. ಎರಡು ಉತ್ತರಗಳಿವೆ. ವಿಷದ ಹೆಚ್ಚಿನ ಪಾಲು ನೀರಿನಲ್ಲಿಯೂ ಆಹಾರದಲ್ಲಿಯೂ ಇದೆಯೆಂದರೆ, ಹಿಂದಿನವರು ಬಿಟ್ಟದ್ದು ಎಷ್ಟೊಂದು ವ್ಯಾಪಿಸಿದೆ ಎಂದಾಯಿತಲ್ಲದೆ ಅದು ಸಮಾಧಾನದ ಸುದ್ದಿಯಲ್ಲ. ಎರಡನೆಯದಾಗಿ, ಕಾಳು ಹೊರಗಿನಿಂದ ಹಿಡಿದುಕೊಳ್ಳುವ ವಿಷ ಬೇರೆ, ತಯಾರಿಸುವಾಗಲೇ ಪ್ಲಾಸ್ಟಿಕ್ಕಿಗೆ ಬೆರೆಸುವ ದ್ರವ್ಯಗಳು ಬೇರೆ. ಮೆತ್ತಗಾಗಲೆಂದು, ಬೆಂಕಿ ಹಿಡಿಯದಿರಲೆಂದು, ಬಿಸಿಲಿಗೆ ಬಾಡದಿರಲೆಂದು ಹಲವನ್ನು ಬೆರೆಸುತ್ತಾರೆ. ತಕದಾ ಅವರ ತಂಡವು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಥ ದ್ರವ್ಯಗಳನ್ನು ಬೆರೆಸಿದ ಕಾಳುಗಳನ್ನು ಕಡಲಹಕ್ಕಿಯ ಮರಿಗಳಿಗೆ ಉಣಿಸಿದಾಗ ಅವು ಮರಿಗಳ ಯಕೃತ್ತಿನಲ್ಲಿಯೂ ಕೊಬ್ಬಿನಲ್ಲಿಯೂ ಸೇರಿದ್ದವು. ಬಿಸಿಲಿನಿಂದ ಕಾಪಾಡಲು ಬೆರೆಸುವ ಯು.ವಿ. 328 ಎಂಬ ದ್ರವ್ಯವನ್ನು 2023ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿಸಿದರು. ಪಿ.ಸಿ.ಬಿ., ಡಿ.ಡಿ.ಟಿ.ಗಳೂ ಅದೇ ಒಪ್ಪಂದಕ್ಕೆ ಒಳಪಟ್ಟವು. ನಿನ್ನೆ ಹಿರಿಯರು ಮಾಡಿದ್ದನ್ನು ಇಂದು ನಾವು ಬೇರೆ ಹೆಸರಿನಿಂದ ಮಾಡುತ್ತಿದ್ದೇವೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಮೂವತ್ತು ವರ್ಷಗಳ ಬಳಿಕ ಮರಳಿನಲ್ಲಿ ಕಾಳು ಆರಿಸುವವರು ಅದರಲ್ಲಿ ನಮ್ಮನ್ನು ಕಾಣುವರು.

ಹಾಗಾದರೆ ಹಿರಿಯರು ಬಿಟ್ಟದ್ದನ್ನು ನಾವೇಕೆ ತೊಳೆಯಬೇಕು? ಇದು ನಿಜವಾಗಿ ಕಠಿಣವಾದ ಪ್ರಶ್ನೆ. ಕೇರಳದಲ್ಲಿ ಮರಳು ಜರಡಿ ಹಿಡಿದವರು ಕೇಳಬಹುದಾದ ಪ್ರಶ್ನೆಯೂ ಇದೇ. ಲೋಕದ ನ್ಯಾಯವು ಚೆಲ್ಲಿದವನಿಂದಲೇ ತೆಗೆಸಬೇಕೆನ್ನುತ್ತದೆ. ಅದು ಸರಿಯಾದುದು, ಅದನ್ನು ಸಡಿಲಿಸಬಾರದು. ಆದರೆ ಚೆಲ್ಲಿದವನು ಯಾರೆಂದು ತಿಳಿಯದಲ್ಲಿ, ಅಥವಾ ಅವನು ಈ ಲೋಕವನ್ನೇ ಬಿಟ್ಟುಹೋಗಿರುವಲ್ಲಿ ಧರ್ಮವು ಋಣದ ಭಾಷೆಯಲ್ಲಿ ಮಾತಾಡುತ್ತದೆ. ಮನುಷ್ಯನು ಹುಟ್ಟುವಾಗಲೇ ಋಣಿಯೆಂಬುದು ನಮ್ಮ ನಂಬಿಕೆ. ನಾವು ಪಡೆದ ವಿದ್ಯೆ, ದೇಹ, ಊರು, ದೇವಾಲಯ ಯಾವುದನ್ನೂ ನಾವು ಸಂಪಾದಿಸಿದ್ದಲ್ಲ. ತಂದೆಯ ಮನೆಯನ್ನು ಪಡೆದ ಮಗನು ತಂದೆಯ ಸಾಲವನ್ನು ‘ನನ್ನದಲ್ಲ’ ಎಂದರೆ ಹಿಂದಿನವರು ಒಪ್ಪುತ್ತಿರಲಿಲ್ಲ. ಆ ಕಾಲದ ವಿದ್ಯುತ್ತಿನ ಬೆಳಕಿನಲ್ಲಿ ಓದಿ, ಸೊಳ್ಳೆಕಾಟ ಕಡಮೆಯಾದ ಊರುಗಳಲ್ಲಿ ಬೆಳೆದವರು ನಾವು. ಲಾಭವು ನಮಗೆ, ಕೊಳೆಯು ಕಡಲಿಗೆ ಎಂಬ ಪಾಲುಪಟ್ಟಿಗೆ ಧರ್ಮದ ರುಜು ದೊರೆಯದು.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ತ್ಯಾಗವೆಂದರೇನೆಂಬ ಅರ್ಜುನನ ಪ್ರಶ್ನೆಯಿಂದಲೇ ಮೊದಲಾಗುತ್ತದೆ. ಮಾಡಬೇಕಾದ ಕರ್ತವ್ಯವನ್ನು ಕಷ್ಟವೆಂದು ಬಿಡುವುದೂ, ಮೋಹದಿಂದ ಬಿಡುವುದೂ ನಿಜವಾದ ತ್ಯಾಗವಲ್ಲವೆಂಬುದು ಅಲ್ಲಿಯ ನಿರ್ಣಯ. ಪ್ರಕೃತಕ್ಕೆ ಹೊಂದಿಸಿ ಹೇಳುವುದಾದರೆ, ವಸ್ತುವನ್ನು ಬಿಡುವುದರಲ್ಲಿ ನಾವು ಶೂರರು. ಬಿಟ್ಟ ವಸ್ತುವನ್ನು ಅದರ ನೆಲೆಗೆ ಮುಟ್ಟಿಸುವ ಕರ್ತವ್ಯವನ್ನೂ ಜೊತೆಯಲ್ಲಿಯೇ ಬಿಟ್ಟುಬಿಡುತ್ತೇವೆ. ಆದುದರಿಂದ ನಮಗೆ ತೋರುವ ಸಿದ್ಧಾಂತ ಇದು: ಯಾವ ವಸ್ತುವಿನ ಅಂತ್ಯವು ಎಲ್ಲಿ ಎಂಬುದನ್ನು ನಾವು ಹೇಳಲಾರೆವೋ ಆ ವಸ್ತುವು ಕೈಯಿಂದ ಹೋದ ಮೇಲೂ ನಮ್ಮದೇ. ಕೊಳ್ಳುವ ಮೊದಲೇ ಅದರ ಕೊನೆಯನ್ನು ಕೇಳಬೇಕು. ಕೊನೆ ತಿಳಿಯದಿದ್ದರೆ ಆದಷ್ಟು ಕೊಳ್ಳದಿರಬೇಕು. ಕೊಳ್ಳದೆ ವಿಧಿಯಿಲ್ಲದಿದ್ದರೆ ಜೋಪಾನವಾಗಿ ಇಟ್ಟುಕೊಂಡು ಬಹುಕಾಲ ಬಳಸಿ, ಸೇರಬೇಕಾದವರ ಕೈಗೆ ಸೇರಿಸಬೇಕು.

ಇದನ್ನು ದೊಡ್ಡ ಕಾರ್ಖಾನೆಗಳಿಗೆ ಸರಕಾರಗಳು ಹೇಳಲಿ, ಹೇಳಲೇಬೇಕು. ನಮ್ಮ ಕೈಗೆ ಎಟಕುವ ಕೆಲವು ಸಂಗತಿಗಳನ್ನು ಮಾತ್ರ ಇಲ್ಲಿ ವಿಜ್ಞಾಪಿಸಿಕೊಳ್ಳುತ್ತೇವೆ. ಆಟಿ ಅಮಾವಾಸ್ಯೆ, ಗ್ರಹಣ ಮೊದಲಾದ ಪರ್ವಗಳಲ್ಲಿ ಸಮುದ್ರಸ್ನಾನಕ್ಕೆ ಹೋಗುವವರು ತರ್ಪಣದ ಎಳ್ಳು, ದರ್ಭೆ, ಹೂವುಗಳನ್ನು ಎಲೆಯಲ್ಲಿಯೋ ಬಟ್ಟೆಯಲ್ಲಿಯೋ ಕಟ್ಟಿಕೊಂಡು ಹೋಗಬಹುದು. ಪಿಂಡವನ್ನು ನೀರಿಗೆ ಬಿಟ್ಟು, ಅದನ್ನು ತಂದ ಪ್ಲಾಸ್ಟಿಕ್ ಚೀಲವನ್ನೂ ಹಿಂದೆಯೇ ಬಿಡುವುದು ಪಿತೃಗಳಿಗೆ ಸಲ್ಲುವ ಕಾರ್ಯವಲ್ಲ. ದೇವಾಲಯಕ್ಕೆ ಒಪ್ಪಿಸುವ ಮಾಲೆಯನ್ನು ಬಾಳೆನಾರಿನಲ್ಲಿ ಕಟ್ಟಬಹುದು. ನೈಲಾನ್ ದಾರವು ನಿರ್ಮಾಲ್ಯದ ಗುಂಡಿಯಲ್ಲಿ ಹೂವಿನೊಡನೆ ಕೊಳೆಯದು. ಗಣಪತಿಯ ವಿಸರ್ಜನೆಗೆ ಮೊದಲು ಮೂರ್ತಿಯ ಮೇಲಿನ ಥರ್ಮೋಕೋಲ್, ಜರಿಕಾಗದ, ಪ್ಲಾಸ್ಟಿಕ್ ಹಾರಗಳನ್ನು ತೆಗೆದಿಡುವ ಹೊಣೆಯನ್ನು ಸಮಿತಿಯ ಒಬ್ಬರಿಗೆ ಹೆಸರು ಹೇಳಿ ಒಪ್ಪಿಸಬೇಕು. ಎಲ್ಲರ ಹೊಣೆಯೆಂದರೆ ಯಾರ ಹೊಣೆಯೂ ಅಲ್ಲವೆಂಬುದು ಉತ್ಸವ ನಡೆಸಿದವರಿಗೆಲ್ಲ ಗೊತ್ತು. ಸ್ನಾನ ಮುಗಿಸಿ ಹಿಂದಿರುಗುವಾಗ ಪ್ರತಿಯೊಬ್ಬರೂ ಮರಳಿನಲ್ಲಿ ಕಣ್ಣಿಗೆ ಬಿದ್ದ ಹತ್ತು ಚೂರುಗಳನ್ನಾದರೂ ಆರಿಸಿ ತಂದರೆ, ತೀರ್ಥಕ್ಕೆ ಹೋಗಿ ಕೊಳೆಯನ್ನು ಬಿಟ್ಟು ಬರುವ ಬದಲು ತೀರ್ಥದ ಕೊಳೆಯನ್ನು ತೆಗೆದು ಬಂದಂತಾಗುತ್ತದೆ.

ಇಷ್ಟರಿಂದ ಕಡಲು ಶುದ್ಧವಾಗಿಬಿಡುವುದೇ ಎಂದರೆ, ಆಗದು. ಅಷ್ಟು ಸುಲಭವಾಗಿ ಕೆಟ್ಟದ್ದೂ ಅಲ್ಲ ಅದು. ಆದರೆ ಆರಿಸಿ ತಂದ ಪ್ರತಿಯೊಂದು ಚೂರು ಇನ್ನು ವಿಷವನ್ನು ಹೊರುವುದಿಲ್ಲ, ಯಾವ ಮೀನಿನ ಹೊಟ್ಟೆಗೂ ಹೋಗುವುದಿಲ್ಲ, ಇದು ನಿಶ್ಚಯ. ಯಾರೋ ‘ನನ್ನದಲ್ಲ’ ಎಂದು ಬಿಸುಟದ್ದನ್ನು ನಾವು ‘ನಮ್ಮದು’ ಎಂದು ಎತ್ತಿಕೊಂಡಲ್ಲಿ ನುಂಗಿಹೋದ ಆ ಮೊದಲನೆಯ ಮಾತು ಮತ್ತೆ ಹೇಳಿದಂತಾಗುತ್ತದೆ. ಹಾಗೆ ಹೇಳಿದ ಮೇಲೆ ಮಾಡಿದ ಕೆಲಸವನ್ನು ಭಗವಂತನಿಗೆ ಒಪ್ಪಿಸಿ, ಇದೂ ನನ್ನದಲ್ಲವೆಂದು ಕೈಮುಗಿಯಲು ನಮಗೆ ಅಧಿಕಾರವುಂಟು.

ಶ್ರೀಕೃಷ್ಣಾರ್ಪಣಮಸ್ತು.